ಕಥೆಯಲ್ಲಿ ಹದಿಹರೆಯ

(ಬಾನುಲಿ ಭಾಷಣ)

ನಾನು ಜೀವನದ ಬಹುಭಾಗವನ್ನು ಪ್ರೌಢಶಾಲೆಯ ಕನ್ನಡ ಉಪಾಧ್ಯಾಯನಾಗಿ ಕಳೆದವನು. ಹದಿಮೂರರಿಂದ ಹದಿನಾರರವರೆಗಿನ ಮಕ್ಕಳನ್ನು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ದಿನವೂ ಕಣ್ಣೆದುರಿಗೆ ಕಂಡವನು. ಜೊತೆಗೆ ಒಂದಷ್ಟು ಸಣ್ಣಕಥೆಗಳನ್ನೂ ಬರೆದವನು. ಆದ್ದರಿಂದ ಹದಿಹರೆಯದ ಪಾತ್ರಗಳನ್ನು ಓದುಗರು ನಂಬುವಂತೆ ಚಿತ್ರಿಸುವುದು ಹೇಗೆ ಎಂಬ ವಿಷಯವಾಗಿ ಮಾತನಾಡಲು ನನಗೆ ಅಧಿಕಾರವಿದೆಯೆಂದು ಬಾನುಲಿಯ ಮಿತ್ರರು ಭಾವಿಸಿರಬಹುದು. ನನಗಿರುವ ಅಧಿಕಾರ ಬೇರೆ ಬಗೆಯದು. ಈ ವಿಷಯದಲ್ಲಿ ನಾನೊಂದು ದೊಡ್ಡ ತಪ್ಪು ಮಾಡಿದ್ದೇನೆ. ಅಲ್ಲಿಂದಲೇ ಮಾತನ್ನು ಆರಂಭಿಸುತ್ತೇನೆ.

ನಮ್ಮ ಶಾಲೆಯಲ್ಲಿ ಒಬ್ಬ ಹುಡುಗನಿದ್ದ. ಒಂಬತ್ತನೆಯ ತರಗತಿ. ಬೆಳಗಿನ ಪ್ರಾರ್ಥನೆಯನ್ನು ಎರಡು ವರ್ಷಗಳಿಂದ ಹಾಡುತ್ತಿದ್ದವನು ಅವನೇ. ಪಕ್ಕದಲ್ಲಿ ನಿಂತು ಒಬ್ಬಳು ಹುಡುಗಿ ದನಿಗೂಡಿಸುತ್ತಿದ್ದಳು. ಆ ವರ್ಷ ದಸರಾ ರಜೆ ಮುಗಿದು ಶಾಲೆ ತೆರೆದಾಗ ಅವನು ಹಾಡಲು ಒಲ್ಲೆನೆಂದ. ಕಾರಣ ಕೇಳಿದರೆ ನೆಲ ನೋಡಿದ. ತರಗತಿಯಲ್ಲಿ ಉತ್ತರ ಹೇಳುವುದನ್ನೂ ಬಿಟ್ಟ. ಹಾಜರಿ ಕೂಗಿದಾಗ ಕೈ ಎತ್ತುತ್ತಿದ್ದನೇ ಹೊರತು ಬಾಯಿ ಬಿಡುತ್ತಿರಲಿಲ್ಲ. ಪ್ರಾರ್ಥನೆಯ ವೇಳೆಗೆ ಆ ಹುಡುಗಿಯಿಂದ ದೂರವಾಗಿ, ಸಾಲಿನ ಕಟ್ಟಕಡೆಗೆ ಹೋಗಿ ನಿಲ್ಲುತ್ತಿದ್ದ. ಕಥೆಗಾರನಾದ ನನಗೆ ಇಷ್ಟು ಸಾಕಾಯಿತು. ಮೊದಲ ಪ್ರೇಮ ಹುಡುಗನ ಕೊರಳನ್ನು ಕಟ್ಟಿಹಾಕಿದೆ ಎಂದು ನಿರ್ಧರಿಸಿದೆ. ಒಂದೇ ರಾತ್ರಿಯಲ್ಲಿ ಕಥೆ ಬರೆದೆ. ಹೆಸರು ಬದಲಿಸಿದೆ, ಊರು ಬದಲಿಸಿದೆ. ಪ್ರಾರ್ಥನೆ, ಸಾಲಿನ ಕೊನೆ, ಎತ್ತಿದ ಕೈ ಇವು ಮಾತ್ರ ಇದ್ದ ಹಾಗೆಯೇ ಉಳಿದವು. ಕಥೆ ವಾರಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಮೆಚ್ಚಿ ಬರೆದವರೂ ಇದ್ದರು. ಪತ್ರಿಕೆ ಶಾಲೆಗೂ ಬಂತು, ಮಕ್ಕಳೂ ಓದಿದರು. ಒಂದು ತಿಂಗಳಾಗುವಷ್ಟರಲ್ಲಿ ಆ ಹುಡುಗಿಯ ತಂದೆ ಬಂದು ಆಕೆಯ ಟಿ.ಸಿ. ಪಡೆದುಕೊಂಡು ಹೋದರು. ಅವರು ಕಾರಣ ಹೇಳಲಿಲ್ಲ, ನಾನು ಕೇಳಲಿಲ್ಲ.

ಈ ಪ್ರಸಂಗಕ್ಕೆ ಕೊನೆಯಲ್ಲಿ ಮರಳುತ್ತೇನೆ. ಅದಕ್ಕೆ ಮುನ್ನ, ಈ ವಯಸ್ಸನ್ನು ಚಿತ್ರಿಸುವುದು ಏಕೆ ಕಷ್ಟ ಎಂಬುದನ್ನು ಸ್ವಲ್ಪ ವಿಚಾರ ಮಾಡೋಣ.

ಹದಿಹರೆಯ ಎಂಬ ನಮ್ಮ ಮಾತನ್ನೇ ಗಮನಿಸಿ. ಹನ್ನೊಂದು, ಹನ್ನೆರಡು ಎಂದು ಎಣಿಸುತ್ತ ಬಂದಾಗ ಹದಿಮೂರಕ್ಕೆ ಸರಿಯಾಗಿ ಈ 'ಹದಿ' ಬಂದು ಸೇರಿಕೊಳ್ಳುತ್ತದೆ. ಹದಿನೆಂಟರವರೆಗೆ ಜೊತೆಯಲ್ಲಿದ್ದು ಹತ್ತೊಂಬತ್ತಕ್ಕೆ ಬಿಟ್ಟುಹೋಗುತ್ತದೆ. ಎಣಿಕೆಯ ಮಾತಿನಲ್ಲಿ ನಮ್ಮ ಹಿರಿಯರು ಅರಿಯದೆಯೇ ಈ ಆರು ವರ್ಷಗಳಿಗೊಂದು ಬೇಲಿ ಹಾಕಿದಂತಿದೆ. ಆದರೆ ಬದುಕಿನಲ್ಲಿ ಈ ಬೇಲಿ ಬಹಳ ಕಾಲ ಇರಲಿಲ್ಲ. ಮಾಸ್ತಿಯವರು 1910ರ ಸುಮಾರಿಗೆ ಬರೆದ 'ರಂಗನ ಮದುವೆ'ಯನ್ನು ನೆನೆಯಿರಿ. ಅಲ್ಲಿ ರಂಗನಿಗೆ ಗಂಟುಬೀಳುವ ರತ್ನೆ ಹನ್ನೊಂದು ವರ್ಷದ ಹುಡುಗಿ. ಲಂಗ ಉಟ್ಟ ಬಾಲೆ ಎಂದುಕೊಳ್ಳುವಷ್ಟರಲ್ಲಿ ಅವಳು ಗೃಹಿಣಿಯಾಗಬೇಕು. ನಡುವೆ ಹರೆಯಕ್ಕೆ ಎಡೆಯೇ ಇಲ್ಲ. 1929ರ ಬಾಲ್ಯವಿವಾಹ ನಿಯಂತ್ರಣ ಕಾಯಿದೆ ಹುಡುಗಿಯ ಮದುವೆಯ ವಯಸ್ಸನ್ನು ಹದಿನಾಲ್ಕಕ್ಕೆ ನಿಲ್ಲಿಸಿತು. 1978ರ ತಿದ್ದುಪಡಿ ಅದನ್ನು ಹದಿನೆಂಟಕ್ಕೆ ಏರಿಸಿತು. ಪಶ್ಚಿಮದಲ್ಲಿಯೂ ಸ್ಟ್ಯಾನ್ಲಿ ಹಾಲ್ ಎಂಬ ಅಮೆರಿಕದ ಮನೋವಿಜ್ಞಾನಿ ಈ ವಯಸ್ಸನ್ನೇ ವಿಷಯವಾಗಿಟ್ಟುಕೊಂಡು ಎರಡು ಸಂಪುಟಗಳ ಬೃಹದ್ಗ್ರಂಥವನ್ನು ಪ್ರಕಟಿಸಿದ್ದು 1904ರಲ್ಲಿ. ಮಗುವೂ ಅಲ್ಲದ, ದೊಡ್ಡವರೂ ಅಲ್ಲದ ಒಂದು ಕಾಲವನ್ನು ಮನುಷ್ಯನಿಗೆ ಒದಗಿಸಿಕೊಟ್ಟದ್ದು ಬಹುಮಟ್ಟಿಗೆ ಶಾಲೆ ಮತ್ತು ಕಾಯಿದೆ. ಕಥೆಗಾರನಿಗೆ ದೊರೆತಿರುವ ಈ ನೆಲ ಹೊಸದು. ಅದರ ದಾರಿಗಳು ಇನ್ನೂ ಸವೆದಿಲ್ಲ.

ಇನ್ನೊಂದು ಮಾತನ್ನು ಮರೆಯಬಾರದು. ಈ ಕಾಲ ಎಲ್ಲರಿಗೂ ಸಮನಾಗಿ ದೊರೆತದ್ದಲ್ಲ. 1933ರಲ್ಲಿ ಪ್ರಕಟವಾದ ಕಾರಂತರ 'ಚೋಮನ ದುಡಿ'ಯಲ್ಲಿ ಚನಿಯ, ಗುರುವ ಇಬ್ಬರೂ ತಂದೆಯ ಸಾಲ ತೀರಿಸಲು ಕಾಫಿ ತೋಟಕ್ಕೆ ಹೋಗುತ್ತಾರೆ. ಅವರ ಹರೆಯವೆಲ್ಲ ಆ ಸಾಲದ ಲೆಕ್ಕಕ್ಕೆ ಜಮೆಯಾಗುತ್ತದೆ. ಇಂದಿಗೂ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದು ಕುಳಿತ ಹದಿನೈದರ ಹುಡುಗನನ್ನೂ, ಪರೀಕ್ಷೆಯ ಟ್ಯೂಷನ್ನಿಗೆ ಓಡಾಡುವ ಹದಿನೈದರ ಹುಡುಗನನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದರೆ ಇಬ್ಬರೂ ಸುಳ್ಳಾಗುತ್ತಾರೆ. ವಯಸ್ಸು ಒಂದೇ; ಆ ವಯಸ್ಸಿಗೆ ಅವರ ಕೈಯಲ್ಲಿರುವ ಬಿಡುವು ಒಂದೇ ಅಲ್ಲ.

ನಾವು ಮಾಡುವ ಮೊದಲ ತಪ್ಪನ್ನು ನನಗೆ ತೋರಿಸಿಕೊಟ್ಟವಳು ನನ್ನ ತಂಗಿಯ ಮಗಳು. ಆಗ ಅವಳಿಗೆ ಹದಿನೈದು. ತಂದೆತಾಯಿಗಳ ಜಗಳದ ನಡುವೆ ನಲುಗುವ ಹುಡುಗಿಯ ಕಥೆಯೊಂದನ್ನು ಬರೆದು, ಅಚ್ಚಿಗೆ ಕಳುಹಿಸುವ ಮುನ್ನ ಅವಳಿಗೆ ಓದಲು ಕೊಟ್ಟೆ. ಓದಿ ಮಡಿಸಿಟ್ಟು, "ಮಾಮ, ಈ ಹುಡುಗಿಗೆ ಫ್ರೆಂಡ್ಸೇ ಇಲ್ವಾ?" ಎಂದು ಕೇಳಿದಳು. ನಾನು ತಬ್ಬಿಬ್ಬಾದೆ. ಇಪ್ಪತ್ತು ಪುಟದ ಕಥೆಯಲ್ಲಿ ನನ್ನ ನಾಯಕಿ ಒಬ್ಬಳೇ ಒಬ್ಬ ಗೆಳತಿಯೊಡನೆ ಮಾತನಾಡಿರಲಿಲ್ಲ. ಅವಳಿಗೆ ಪರೀಕ್ಷೆ ಇರಲಿಲ್ಲ, ಮೈಮೇಲಿನ ಮೊಡವೆಯ ಚಿಂತೆ ಇರಲಿಲ್ಲ, ಯಾರ ಮೇಲೂ ಹೊಟ್ಟೆಕಿಚ್ಚಿರಲಿಲ್ಲ. ದೊಡ್ಡವರಿಬ್ಬರ ಜಗಳವನ್ನು ನೋಡಿ ಅಳುವುದಕ್ಕೆಂದೇ ನಾನವಳನ್ನು ಹುಟ್ಟಿಸಿದ್ದೆ. ನಮ್ಮ ಎಷ್ಟೋ ಕಥೆಗಳಲ್ಲಿ ಈ ವಯಸ್ಸಿನವರು ಇರುವುದು ಹೀಗೆಯೇ: ದೊಡ್ಡವರ ಕಥೆಗೆ ಸಾಕ್ಷಿಗಳಾಗಿ. ನಿಜಜೀವನದಲ್ಲಿ ಮನೆಯಲ್ಲಿ ಬೆಂಕಿ ಬಿದ್ದಿದ್ದರೂ ಹದಿನೈದರ ಹುಡುಗಿಗೆ ನಾಳೆ ಬೆಂಚಿನಲ್ಲಿ ತನ್ನ ಪಕ್ಕ ಯಾರು ಕೂಡುತ್ತಾರೆ ಎಂಬ ಚಿಂತೆ ಇದ್ದೇ ಇರುತ್ತದೆ. ಇದು ಹೃದಯಹೀನತೆಯಲ್ಲ, ಅವಳ ಲೋಕ ಅಲ್ಲಿದೆ. ಆ ಬೆಂಚನ್ನು ಕಥೆಯೊಳಗೆ ತಂದಾಗ ಮನೆಯ ಜಗಳವೂ ನಿಜವಾಗುತ್ತದೆ.

ಎರಡನೆಯ ತಪ್ಪು ಇದಕ್ಕಿಂತ ಸೂಕ್ಷ್ಮವಾದದ್ದು. ಈ ವಯಸ್ಸಿನ ಪಾತ್ರಗಳಿಗೆ ನಾವು ಒಂದೋ ಅತಿಯಾದ ತಿಳಿವಳಿಕೆ ಕೊಡುತ್ತೇವೆ, ಇಲ್ಲವೇ ಅದನ್ನು ಪೂರ್ತಿ ಕಿತ್ತುಕೊಳ್ಳುತ್ತೇವೆ. ಅಂತಹ ಹುಡುಗ ವೇದಾಂತಿಯಾಗುತ್ತಾನೆ, ಅಥವಾ ಪೆದ್ದನಾಗುತ್ತಾನೆ. ಸತ್ಯವೇನೆಂದರೆ, ದೊಡ್ಡವರು ಎಣಿಸಿದ್ದಕ್ಕಿಂತ ಹೆಚ್ಚು ಅವನಿಗೆ ಗೊತ್ತಿರುತ್ತದೆ. ತನಗೆ ಗೊತ್ತಿದೆಯೆಂದು ಅವನು ಎಣಿಸಿದ್ದಕ್ಕಿಂತ ಕಡಿಮೆ ಗೊತ್ತಿರುತ್ತದೆ. ಈ ಎರಡರ ನಡುವಿನ ಸಂದಿಯಲ್ಲಿ ಕಥೆ ಹುಟ್ಟುತ್ತದೆ. ಅನಂತಮೂರ್ತಿಯವರ 'ಘಟಶ್ರಾದ್ಧ' 1963ರ 'ಪ್ರಶ್ನೆ' ಸಂಕಲನದಲ್ಲಿ ಬಂದ ಕಥೆ; 1977ರಲ್ಲಿ ಗಿರೀಶ ಕಾಸರವಳ್ಳಿಯವರ ಕೈಯಲ್ಲಿ ಚಲನಚಿತ್ರವಾಯಿತು. ವೇದಪಾಠಕ್ಕೆ ಬಂದ ಎಳೆಯ ಹುಡುಗನೊಬ್ಬನ ಕಣ್ಣಿನಿಂದ ವಿಧವೆ ಯಮುನಕ್ಕನ ದುರಂತವನ್ನು ನಾವು ಕಾಣುತ್ತೇವೆ. ಹರೆಯದ ಹೊಸ್ತಿಲಿಗೂ ಬಾರದ ಆ ಹುಡುಗನಿಗೆ ಏನೋ ಆಗುತ್ತಿದೆಯೆಂದು ಗೊತ್ತು, ಅದಕ್ಕೆ ಹೆಸರು ಗೊತ್ತಿಲ್ಲ. ಅವನಿಗಿಂತ ದೊಡ್ಡ ಹುಡುಗರಿಗೆ ಹೆಸರು ಗೊತ್ತು, ನೋವು ಗೊತ್ತಿಲ್ಲ. ಒಂದೇ ಮನೆಯೊಳಗೆ ವಯಸ್ಸಿನ ಈ ಎರಡು ಮೆಟ್ಟಿಲುಗಳನ್ನು ಅಕ್ಕಪಕ್ಕದಲ್ಲಿ ಇರಿಸಿದ್ದರಿಂದ ಆ ಕಥೆಗೆ ಅಷ್ಟು ಬಲ ಬಂದಿದೆ ಎಂದು ನನ್ನ ಭಾವನೆ.

ಮಾರ್ಕ್ ಟ್ವೇನ್ ಕೂಡ ಹೀಗೆಯೇ ಮಾಡುತ್ತಾನೆ. 1884ರಲ್ಲಿ ಇಂಗ್ಲೆಂಡಿನಲ್ಲಿ ಮೊದಲು ಪ್ರಕಟವಾದ 'ಹಕಲ್‌ಬೆರಿ ಫಿನ್' ಕಾದಂಬರಿಯಲ್ಲಿ ಹಕ್ ತನ್ನ ಕಥೆಯನ್ನು ತನ್ನ ಭಾಷೆಯಲ್ಲಿಯೇ ಹೇಳುತ್ತಾನೆ. ಓಡಿಹೋದ ಗುಲಾಮ ಜಿಮ್‌ನನ್ನು ಒಡತಿಗೆ ಹಿಡಿದುಕೊಡುವುದು ಧರ್ಮ, ಅವನನ್ನು ಬಚ್ಚಿಡುವುದು ಪಾಪ ಎಂದು ಆ ಹುಡುಗ ಮನಸಾರೆ ನಂಬಿದ್ದಾನೆ. ಒಡತಿಗೆ ಕಾಗದವನ್ನೂ ಬರೆಯುತ್ತಾನೆ. ಆಮೇಲೆ ಜಿಮ್ ತನಗೆ ತೋರಿಸಿದ ಪ್ರೀತಿ ನೆನಪಾಗಿ, ನರಕಕ್ಕೆ ಹೋದರೂ ಸರಿಯೆಂದು ಆ ಕಾಗದವನ್ನು ಹರಿದುಹಾಕುತ್ತಾನೆ. ತಾನು ಒಳ್ಳೆಯ ಕೆಲಸ ಮಾಡಿದೆನೆಂದು ಅವನಿಗೆ ಒಂದು ಕ್ಷಣವೂ ತೋರುವುದಿಲ್ಲ. ಲೇಖಕ ಮೂಗು ತೂರಿಸಿ, "ನೋಡಿ, ಇವನೇ ಧರ್ಮಾತ್ಮ" ಎಂದು ಹೇಳುವುದೂ ಇಲ್ಲ. ಹುಡುಗನ ತಪ್ಪು ತರ್ಕವನ್ನು ಹಾಗೆಯೇ ಬಿಟ್ಟು, ಅವನ ಕೈಯನ್ನು ಮಾತ್ರ ಸರಿಯಾದ ಕಡೆಗೆ ಚಾಚಿಸಿದ್ದಾನೆ. ನಾನಾಗಿದ್ದರೆ ಹಕ್‌ನ ಬಾಯಲ್ಲಿ ಗುಲಾಮಗಿರಿಯ ವಿರುದ್ಧ ಒಂದು ಪುಟದ ಭಾಷಣ ಹೇಳಿಸಿರುತ್ತಿದ್ದೆನೋ ಏನೋ.

ಮೂರನೆಯದು ಈ ವಯಸ್ಸಿನ ದುಃಖ ಮಾತಾಗುವ ಬಗೆ. ರವೀಂದ್ರನಾಥ ಠಾಕೂರರು 1890ರ ದಶಕದಲ್ಲಿ 'ಛುಟಿ', ಎಂದರೆ ರಜೆ, ಎಂಬ ಕಥೆ ಬರೆದರು. ಅದರ ನಾಯಕ ಫಟಿಕ್ ಹಳ್ಳಿಯ ತುಂಟರ ಮುಂದಾಳು. ಹದಿಮೂರು ಹದಿನಾಲ್ಕರ ಹುಡುಗನೆಂದರೆ ಎಲ್ಲರಿಗೂ ಎಂತಹ ಕಿರಿಕಿರಿ ಎಂಬುದನ್ನು ಠಾಕೂರರು ಆ ಕಥೆಯ ನಡುವೆ ನಿಂತು ವಿವರಿಸಿದ್ದಾರೆ. ಎಳೆಯ ಮಾತು ಅವನ ಬಾಯಿಗೆ ಒಪ್ಪದು, ದೊಡ್ಡ ಮಾತು ಅಧಿಕಪ್ರಸಂಗ. ಸೋದರಮಾವ ಅವನನ್ನು ಓದಿಗೆಂದು ಕಲ್ಕತ್ತೆಗೆ ಕರೆದೊಯ್ಯುತ್ತಾನೆ. ಅತ್ತೆಗೆ ಅವನು ಬೇಡ. ಊರು, ತಾಯಿ, ಬಯಲು ಎಲ್ಲವೂ ಅವನನ್ನು ಎಳೆಯುತ್ತವೆ. ರಜೆ ಯಾವಾಗ ಬರುವುದೆಂದು ಕಾಯುತ್ತಾನೆ. ಕೊನೆಗೆ ಜ್ವರದ ಸನ್ನಿಯಲ್ಲಿ ಬಡಬಡಿಸುವಾಗ ಅವನ ಬಾಯಿಂದ ಬರುವುದು ಅಳಲಿನ ಮಾತಲ್ಲ. ಹಡಗಿನವರು ಹಗ್ಗ ಇಳಿಬಿಟ್ಟು ನೀರಿನ ಆಳ ಅಳೆಯುತ್ತ ಕೂಗುವ ಕೂಗು. ಕಲ್ಕತ್ತೆಗೆ ಬರುವಾಗ ದಾರಿಯಲ್ಲಿ ಕೇಳಿದ್ದ ಆ ಕೂಗು ಅವನೊಳಗೆ ಉಳಿದಿತ್ತು. ತಳ ಸಿಗದ ನೀರನ್ನು ಆ ಹುಡುಗ ಅಳೆಯುತ್ತಿದ್ದಾನೆ. ತನಗೆ ಯಾರೂ ಇಲ್ಲವೆಂದು ಅವನು ಹೇಳಿದ್ದರೆ ನಾವು ಅಯ್ಯೋ ಎನ್ನುತ್ತಿದ್ದೆವು. ಆ ಕೂಗನ್ನು ಓದಿದವರು ಅದನ್ನು ಮರೆಯಲಾರರು.

ಸಾಲಿಂಜರ್‌ನ 'ದಿ ಕ್ಯಾಚರ್ ಇನ್ ದಿ ರೈ' 1951ರದು. ಕಾಲ, ದೇಶ, ಜಾತಿ ಎಲ್ಲವೂ ಬೇರೆ. ಆದರೆ ಅದರಲ್ಲಿ ಹದಿನಾರರ ಹೋಲ್ಡನ್ ನ್ಯೂಯಾರ್ಕಿನ ಟ್ಯಾಕ್ಸಿಯವರನ್ನು, ಚಳಿಗಾಲದಲ್ಲಿ ಕೊಳ ಹೆಪ್ಪುಗಟ್ಟಿದರೆ ಬಾತುಕೋಳಿಗಳು ಎಲ್ಲಿಗೆ ಹೋಗುತ್ತವೆ ಎಂದು ಕೇಳುತ್ತಾನೆ. ಶಾಲೆಯಿಂದ ಹೊರಬಿದ್ದು, ಮನೆಗೂ ಹೋಗಲಾರದೆ ಅಲೆಯುತ್ತಿರುವ ಹುಡುಗ ಯಾರ ವಿಷಯವಾಗಿ ಕೇಳುತ್ತಿದ್ದಾನೆಂದು ಬಿಡಿಸಿ ಹೇಳಬೇಕಾಗಿಲ್ಲ. ಈ ವಯಸ್ಸಿನವರು ತಮ್ಮ ನೋವನ್ನು ನೇರವಾಗಿ ಹೇಳುವುದಿಲ್ಲ. ಬೇರೆ ಯಾವುದೋ ವಸ್ತುವಿನ ಮೇಲೆ ಅದನ್ನು ಇಳಿಸಿಬಿಡುತ್ತಾರೆ. ಆ ವಸ್ತು ಯಾವುದೆಂದು ಹುಡುಕುವುದು ಕಥೆಗಾರನ ಕೆಲಸ.

ಇನ್ನು ಭಾಷೆ. ಕಾಲೇಜು ಹುಡುಗರ ಬಾಯಿಗೆ 'ಮಗಾ', 'ಮಚ್ಚಾ' ಎಂದು ನಾಲ್ಕು ಮಾತು ತುರುಕಿದರೆ ಸಾಕು, ಸಂಭಾಷಣೆ ಜೀವಂತವಾಯಿತು ಎಂದು ಕೆಲವರು ತಿಳಿಯುತ್ತಾರೆ. ಬೆಂಗಳೂರಿನ ಮಾತು ಧಾರವಾಡಕ್ಕೆ ಹೊಂದದು, ಧಾರವಾಡದ್ದು ಮಂಗಳೂರಿಗೆ ಹೊಂದದು. ಅದಕ್ಕಿಂತ ಮುಖ್ಯವಾಗಿ, ಇಂತಹ ಮಾತುಗಳು ಬೇಗ ಹಳಸುತ್ತವೆ. ಹತ್ತು ವರ್ಷ ಕಳೆದರೆ ಹುಡುಗರೇ ನಗುತ್ತಾರೆ. ಹಳಸದೆ ಇರುವ ಸಂಗತಿ ಬೇರೊಂದಿದೆ. ಕನ್ನಡದಲ್ಲಿ ಎದುರಿಗಿರುವವರನ್ನು 'ನೀನು' ಎನ್ನಬೇಕೋ 'ನೀವು' ಎನ್ನಬೇಕೋ ತೀರ್ಮಾನಿಸದೆ ಒಂದು ಕ್ರಿಯಾಪದವನ್ನೂ ಆಡುವಂತಿಲ್ಲ. ಹನ್ನೆರಡರವರೆಗೆ ಪಕ್ಕದ ಮನೆಯ ಹುಡುಗಿಯನ್ನು "ಬಾರೇ, ಹೋಗೇ" ಎನ್ನುತ್ತಿದ್ದ ಹುಡುಗನಿಗೆ ಹದಿನಾಲ್ಕರಲ್ಲಿ "ಬರ್ತೀಯಾ" ಎಂದರೆ ಸಲುಗೆ ಹೆಚ್ಚಾಯಿತೆಂಬ ಅಳುಕು, "ಬರ್ತೀರಾ" ಎಂದರೆ ಗೆಳೆಯರು ನಗುತ್ತಾರೆಂಬ ಅಳುಕು. ಆಗ ಅವನು "ನೋಟ್ಸ್ ಬೇಕಿತ್ತು" ಎನ್ನುತ್ತಾನೆ, "ನಾಳೆ ಬರೋದಿದೆಯಾ?" ಎನ್ನುತ್ತಾನೆ. ನೀನೂ ಇಲ್ಲ, ನೀವೂ ಇಲ್ಲ. ತಂದೆಗೆ ಹೇಳಬೇಕಾದದ್ದನ್ನು, ತಂದೆ ಅಲ್ಲಿಯೇ ಕುಳಿತಿದ್ದರೂ, "ಅಪ್ಪಂಗೆ ಹೇಳಮ್ಮ" ಎಂದು ತಾಯಿಯ ಮೂಲಕ ಹೇಳುತ್ತಾನೆ. ಸರ್ವನಾಮವೊಂದು ಹೀಗೆ ನುಣುಚಿಕೊಳ್ಳುವುದನ್ನು ಕೇಳಿಸಿಕೊಂಡವನಿಗೆ ಹದಿಹರೆಯದ ಸಂಭಾಷಣೆಯ ಅರ್ಧ ಗುಟ್ಟು ತಿಳಿದಂತೆ.

ಕಾಲ ಬದಲಾಗಿದೆ, ಇಂದಿನ ಮಕ್ಕಳೇ ಬೇರೆ ಎಂಬ ಮಾತನ್ನು ದಿನವೂ ಕೇಳುತ್ತೇವೆ. ನಾನು ಹುಡುಗನಾಗಿದ್ದಾಗ ಗುಟ್ಟಿನ ಕಾಗದವನ್ನು ಅಟ್ಟದ ಮೇಲಿನ ಹಳೆಯ ಟ್ರಂಕಿನ ತಳದಲ್ಲಿ ಇಡುತ್ತಿದ್ದೆ. ಇಂದಿನ ಹುಡುಗ ಮೊಬೈಲಿಗೆ ಬೀಗ ಹಾಕುತ್ತಾನೆ. ಬೀಗದ ಬಗೆ ಬದಲಾಗಿದೆ, ಬೀಗದ ಅಗತ್ಯ ಬದಲಾಗಿಲ್ಲ. ಮೊಬೈಲನ್ನು ವರ್ಣಿಸಿದ ಮಾತ್ರಕ್ಕೆ ಪಾತ್ರ ಇಂದಿನದಾಗುವುದಿಲ್ಲ. ತಾಯಿ ಕೋಣೆಗೆ ಬಂದೊಡನೆ ಅದನ್ನು ಅಂಗಾತ ಇದ್ದದ್ದನ್ನು ಬೋರಲು ಮಾಡುವ ಕೈಯನ್ನು ಕಾಣಬೇಕು.

ನೆನಪನ್ನು ನೆಚ್ಚಬಹುದೇ ಎಂದು ಕೇಳಬಹುದು. ನಾವೆಲ್ಲ ಒಮ್ಮೆ ಆ ವಯಸ್ಸಿನವರಾಗಿದ್ದವರೇ. ಟಾಲ್‌ಸ್ಟಾಯ್ ತನ್ನ ಬಾಲ್ಯ, ಕೈಶೋರ, ಯೌವನಗಳನ್ನು ಆಧರಿಸಿದ ಮೂರು ಕಿರುಕಾದಂಬರಿಗಳನ್ನು 1852ರಿಂದ 1857ರೊಳಗೆ ಪ್ರಕಟಿಸಿದ. ಮೊದಲನೆಯದು ಹೊರಬಂದಾಗ ಅವನಿಗೆ ಇಪ್ಪತ್ನಾಲ್ಕು. ಗಾಯ ಆಗಷ್ಟೇ ಮಾಗುತ್ತಿತ್ತು. ನಮ್ಮಂತಹವರು ಬರೆಯಲು ಕೂಡುವುದು ನಲವತ್ತಕ್ಕೋ ಐವತ್ತಕ್ಕೋ. ಅಷ್ಟರಲ್ಲಿ ನಮ್ಮ ಹರೆಯವನ್ನು ನಾವೇ ತಿದ್ದಿ, ಒಪ್ಪ ಮಾಡಿಟ್ಟಿರುತ್ತೇವೆ. ನಾಚಿಕೆಯ ಸಂಗತಿಗಳು ಉದುರಿಹೋಗಿ, ಪ್ರೇಮ ಮತ್ತು ಬಂಡಾಯ ಎಂಬ ಎರಡು ಗೌರವದ ಸಂಗತಿಗಳು ಉಳಿದಿರುತ್ತವೆ. ಆದ್ದರಿಂದಲೇ ನಮ್ಮ ಕಥೆಗಳ ಹುಡುಗರು ಪ್ರೇಮಿಸುತ್ತಾರೆ, ಇಲ್ಲವೇ ಬಂಡಾಯವೇಳುತ್ತಾರೆ. ಈ ವಯಸ್ಸಿನ ನಿಜವಾದ ಒಡೆಯ ನಾಚಿಕೆ ಎಂಬುದನ್ನು ನಾವು ಮರೆತುಬಿಟ್ಟಿರುತ್ತೇವೆ.

ನಾನೂ ಮರೆತಿದ್ದೆ. ಈಗ ಆ ಹುಡುಗನ ವಿಷಯಕ್ಕೆ ಮರಳುತ್ತೇನೆ.

ಹನ್ನೆರಡು ವರ್ಷಗಳ ಮೇಲೆ ಅವನು ತನ್ನ ಮದುವೆಯ ಲಗ್ನಪತ್ರಿಕೆ ಹಿಡಿದು ನಮ್ಮ ಮನೆಗೆ ಬಂದ. ಕಾಫಿ ಕುಡಿದ ಮೇಲೆ, ಹೇಳಬೇಕೋ ಬೇಡವೋ ಎಂಬಂತೆ ಲೋಟ ತಿರುಗಿಸುತ್ತ, "ಸಾರ್, ನಿಮ್ಮ ಆ ಕಥೆ ಓದಿದ್ದೆ" ಎಂದ. ಏನು ಹೇಳುವುದೆಂದು ತೋಚದೆ ನಾನು ಸುಮ್ಮನಿದ್ದೆ. "ಪ್ರೀತಿ ಗೀತಿ ಏನೂ ಇರಲಿಲ್ಲ ಸಾರ್. ನನ್ನ ಗಂಟಲು ಒಡೆದಿತ್ತು" ಎಂದ. ರಜೆಗೆ ಮುಂಚಿನ ಒಂದು ವಾರ ಪ್ರಾರ್ಥನೆಯ ಮೇಲಿನ ಸ್ವರಕ್ಕೆ ಏರುವಾಗ ಅವನ ದನಿ ಬಿರಿದು ಕೀರಲುತ್ತಿತ್ತಂತೆ. ನಮಗೆ ಯಾರಿಗೂ ಅದು ಕೇಳಿಸಲಿಲ್ಲ. ಏಕೆಂದರೆ ಆ ಸಾಲು ಬಂದಾಗಲೆಲ್ಲ ಪಕ್ಕದ ಹುಡುಗಿ ತನ್ನ ದನಿಯನ್ನು ಏರಿಸಿ ಅವನ ದನಿಯನ್ನು ಮುಚ್ಚಿಬಿಡುತ್ತಿದ್ದಳು. ಆ ಬಗ್ಗೆ ಅವರಿಬ್ಬರೂ ಒಂದು ಮಾತನ್ನೂ ಆಡಿರಲಿಲ್ಲ. ಅವಳಿಗೆ ತಿಳಿದಿದೆ ಎಂಬುದೇ ಅವನಿಗೆ ತಡೆಯಲಾರದ ನಾಚಿಕೆಯಾಗಿ, ರಜೆಯ ನಂತರ ದೂರ ಹೋಗಿ ನಿಂತ. "ಅವಳಿಗೆ ಒಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲ ಸಾರ್. ಅಷ್ಟರಲ್ಲಿ ಅವಳು ಹೊರಟುಹೋದಳು" ಎಂದ. ಹೊರಟುಹೋದದ್ದು ಏಕೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಅವನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ನನ್ನ ಶಿಷ್ಯನಲ್ಲವೇ.

ಒಬ್ಬ ಹುಡುಗ ಮತ್ತು ಒಬ್ಬ ಹುಡುಗಿಯ ನಡುವೆ ಹದಿನಾಲ್ಕನೆಯ ವಯಸ್ಸಿನಲ್ಲಿ ಎಷ್ಟು ಸೊಗಸಾದ ಸಂಗತಿ ನಡೆದಿತ್ತು! ನನ್ನ ಕಣ್ಣೆದುರಿಗೇ, ದಿನವೂ ಬೆಳಿಗ್ಗೆ ಹತ್ತು ಗಂಟೆಗೆ ನಡೆದಿತ್ತು. ನಾನು ಅದನ್ನು ಕೇಳಿಸಿಕೊಳ್ಳಲಿಲ್ಲ. ನನಗೆ ಗೊತ್ತಿದ್ದ ಕಥೆಯನ್ನು ಅದರ ಮೇಲೆ ಹೊದಿಸಿದೆ. ಆ ಕಥೆ ಸುಳ್ಳಾದದ್ದಷ್ಟೇ ಆಗಿದ್ದರೆ ಸಾಹಿತ್ಯದ ಒಂದು ಸಣ್ಣ ಸೋಲಾಗಿ ಮುಗಿಯುತ್ತಿತ್ತು. ಅದರ ಬೆಲೆಯನ್ನು ತೆತ್ತವಳು ನನ್ನ ಕಥೆಯನ್ನು ಬರೆಯೆಂದು ಕೇಳದಿದ್ದ ಒಂದು ಮಗು. ಬಲ್ಲವರನ್ನು ಕುರಿತು ಬರೆಯುವ ಕಥೆಗಾರ ಗುರುತುಗಳನ್ನು ಬದಲಿಸಬೇಕೆಂಬ ಎಚ್ಚರ ಎಲ್ಲ ಪಾತ್ರಗಳಿಗೂ ಸಲ್ಲುವುದೇ. ಆದರೆ ದೊಡ್ಡವರು ಎದ್ದು ಬಂದು ನಮ್ಮನ್ನು ಪ್ರಶ್ನಿಸಬಲ್ಲರು. ಈ ಮಕ್ಕಳು ಸಾಲಿನ ಕೊನೆಗೆ ಹೋಗಿ ನಿಲ್ಲುತ್ತಾರೆ, ಅಷ್ಟೇ.

ಹೊಸದಾಗಿ ಬರೆಯುವವರಿಗೆ ನನ್ನದೊಂದು ವಿಜ್ಞಾಪನೆ. ಹದಿಹರೆಯದ ಪಾತ್ರವೊಂದು ಮೌನವಾದರೆ, ಕಾರಣ ನಿಮಗೆ ಹೊಳೆದೊಡನೆ ಬರೆಯಬೇಡಿ. ಮೊದಲು ಹೊಳೆಯುವ ಕಾರಣ ಸಾಮಾನ್ಯವಾಗಿ ಇನ್ನೊಂದು ಕಥೆಯಿಂದ ಬಂದಿರುತ್ತದೆ. ಅವನ ಬೆಂಚಿನಲ್ಲಿ ಯಾರಿದ್ದಾರೆ, ಅವನ ಮೈಯಲ್ಲಿ ಏನಾಗುತ್ತಿದೆ, ಯಾರೆದುರು ಅವನಿಗೆ ನಾಚಿಕೆ ಎಂದು ಕೇಳಿಕೊಳ್ಳಿ. ಸ್ವಲ್ಪ ಕಾಯಿರಿ. ಉತ್ತರ ಬಂದಾಗ ಅದು ನೀವೆಣಿಸಿದ್ದಕ್ಕಿಂತ ಚಿಕ್ಕದಾಗಿರುತ್ತದೆ, ನಿಜವೂ ಆಗಿರುತ್ತದೆ.

ನನ್ನ ಆ ಕಥೆಯನ್ನು ಯಾವ ಸಂಕಲನಕ್ಕೂ ಸೇರಿಸಲಿಲ್ಲ. ತಿದ್ದಿ ಬರೆಯಲು ಎರಡು ಮೂರು ಬಾರಿ ಕೂತದ್ದುಂಟು, ಆಗಲಿಲ್ಲ. ಆ ಹುಡುಗಿ ಈಗ ನಡುವಯಸ್ಸಿನ ಗೃಹಿಣಿಯಾಗಿರಬೇಕು. ಎಲ್ಲಿದ್ದಾಳೋ, ಈಗಲೂ ಹಾಡುತ್ತಾಳೋ ತಿಳಿಯದು. ಬಾನುಲಿಗೆ ಒಂದು ಸೌಕರ್ಯವಿದೆ; ವಿಳಾಸ ತಿಳಿಯದವರ ಮನೆಗೂ ಅದು ಹೋಗುತ್ತದೆ. ಈ ಮಾತು ಆಕೆಯ ಕಿವಿಗೆ ಬೀಳುವುದಾದರೆ, ತಾಯಿ, ಆ ಪ್ರಾರ್ಥನೆಯ ಮೇಲಿನ ಸಾಲಿನಲ್ಲಿ ನೀನು ಏಕೆ ಅಷ್ಟು ಗಟ್ಟಿಯಾಗಿ ಹಾಡುತ್ತಿದ್ದೆ ಎಂಬುದು ನಿನ್ನ ಮೇಷ್ಟರಿಗೆ ತಡವಾಗಿಯಾದರೂ ಅರ್ಥವಾಯಿತು. ನನ್ನನ್ನು ಮನ್ನಿಸು.